ಕಾಡಂಚಿನ ಕೊಟ್ಟಿಗೆಯಿಂದ ಕಾಫಿ ತೋಟದವರೆಗೆ

ಬಂಡೀಪುರದ ಕಾಡಿಗೆ ಒತ್ತಿಕೊಂಡಿರುವ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಕಳೆದ ಶತಮಾನದ ಕೊನೆಯ ಹೊತ್ತಿಗೆ ಒಂದು ಹೊಸ ವ್ಯಾಪಾರ ಬೇರುಬಿಟ್ಟಿತ್ತು. ಬೆಳಿಗ್ಗೆ ಕಾಡಿಗೆ ಹೊಡೆದ ನಾಟಿ ದನಗಳು ಸಂಜೆ ಕೊಟ್ಟಿಗೆಗೆ ಮರಳುತ್ತಿದ್ದವು. ರಾತ್ರಿ ಬಿದ್ದ ಸಗಣಿಯನ್ನು ತಿಪ್ಪೆಗೆ ಸೇರಿಸಿ, ಲಾರಿ ಬಂದಾಗ ಮಾರಿಬಿಡುತ್ತಿದ್ದರು. ಹಿಂದೆ ಆ ಗೊಬ್ಬರ ಊರಿನದೇ ರಾಗಿ, ಜೋಳದ ಹೊಲಗಳಿಗೆ ಹೋಗುತ್ತಿತ್ತು. ಈಗ ಅದು ಹೊರಜಿಲ್ಲೆಗಳ ಕಾಫಿ ತೋಟಗಳಿಗೆ, ಅದರಲ್ಲೂ ಗಡಿಯಾಚೆಯ ವಯನಾಡಿಗೆ ಹೊರಟಿತ್ತು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಹಂಗಳ ಗ್ರಾಮವನ್ನು ಆಯ್ದುಕೊಂಡು ಈ ವ್ಯಾಪಾರದ ಜಾಡು ಹಿಡಿದರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನ ಬಂಡೀಪುರದ ಹುಲ್ಲಿನ ಗತಿಯನ್ನು ಜಗತ್ತಿನ ಕಾಫಿ ಮಾರುಕಟ್ಟೆಗೆ ಜೋಡಿಸಿ ತೋರಿಸಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಮಂಜು ಬಿದ್ದು ಅಲ್ಲಿನ ಕಾಫಿ ಬೆಳೆ ಹಾಳಾಗಿ ಬೆಲೆ ಏರಿತ್ತು. ಅದೇ ವರ್ಷಗಳಲ್ಲಿ ನಮ್ಮ ಕಾಫಿ ಮಂಡಳಿಯ ಏಕಸ್ವಾಮ್ಯ ಸಡಿಲಗೊಂಡು ಬೆಳೆಗಾರರಿಗೆ ಹೊರಗಿನ ಬೆಲೆ ನೇರವಾಗಿ ಸಿಗತೊಡಗಿತ್ತು. ಕೈಯಲ್ಲಿ ಹಣ ಆಡಿದ ತೋಟಗಾರ ಗೊಬ್ಬರ ಕೇಳಿದ, ಗೊಬ್ಬರಕ್ಕೆ ಬೆಲೆ ಬಂತು, ಬೆಲೆ ಬಂದದ್ದರಿಂದ ಹಾಲಿಗೂ ಉಳುಮೆಗೂ ಅಷ್ಟಾಗಿ ಒದಗದ ದನವನ್ನೂ ಸಾಕುವುದು ಲಾಭವಾಯಿತು.

ಈ ಸರಪಳಿಯಲ್ಲಿ ದುರುಳರು ಯಾರೂ ಇಲ್ಲ. ಹಂಗಳದ ರೈತ ತನ್ನ ಕೊಟ್ಟಿಗೆಯಲ್ಲಿ ಬೆಲೆಯಿದ್ದುದನ್ನು ಮಾರಿದ, ತೋಟಗಾರ ರಾಸಾಯನಿಕದ ಬದಲು ಒಳ್ಳೆಯ ಗೊಬ್ಬರವನ್ನು ಕೊಂಡ. ನಷ್ಟವಾದದ್ದು ಕಾಡಿಗೆ. ಊರದನ ಮೇಯುವ ಹುಲ್ಲು ಕಾಟಿಯ, ಜಿಂಕೆಯ ಪಾಲಿನದು. ಅವು ಕಡಿಮೆಯಾದರೆ ಹುಲಿಯ ಆಹಾರವೂ ಕಡಿಮೆಯಾಗುತ್ತದೆ. ದಿನವೂ ಗೊರಸಿಗೆ ಸಿಕ್ಕ ನೆಲ ಗಟ್ಟಿಯಾಗುತ್ತದೆ, ಎಳೆ ಸಸಿಗಳು ಮೇಲೇಳುವುದಿಲ್ಲ. ಜಾನುವಾರುಗಳ ರೋಗ ಕಾಡುಪ್ರಾಣಿಗಳಿಗೆ ದಾಟುವ ಅಪಾಯ ಬೇರೆ. ಇಷ್ಟೆಲ್ಲಕ್ಕಿಂತ ಸೂಕ್ಷ್ಮವಾದ ನಷ್ಟ ಮಣ್ಣಿನದು. ಕಾಡಿನಲ್ಲಿ ತಿಂದ ಹುಲ್ಲಿನ ಸಾರ ಕಾಡಿಗೆ ಮರಳದೆ ಕೊಟ್ಟಿಗೆಯಲ್ಲಿ ಬಿದ್ದು, ಅಲ್ಲಿಂದ ಲಾರಿಯೇರಿ ಇನ್ನೊಂದು ರಾಜ್ಯದ ಕಾಫಿ ಗಿಡದ ಬುಡ ಸೇರುತ್ತದೆ. ಕಾವಲುಗಾರರು ಬೇಟೆಗಾರನನ್ನು ಹಿಡಿಯಬಹುದು, ಮರಗಳ್ಳನನ್ನು ಹಿಡಿಯಬಹುದು. ದನದ ಹೊಟ್ಟೆಯಲ್ಲಿ ಹೊರಗೆ ಹೋಗುವ ಫಲವತ್ತತೆಯನ್ನು ಹಿಡಿಯಲು ಯಾವ ತನಿಖಾ ಠಾಣೆಗೂ ಆಗದು.

ಕಾಡಿನ ಮೇಲೆ ಹಳ್ಳಿಯ ಒತ್ತಡ ಎಂದೊಡನೆ ನಾವು ತಲೆ ಎಣಿಸುತ್ತೇವೆ: ಎಷ್ಟು ಜನ, ಎಷ್ಟು ದನ, ಎಷ್ಟು ಒಲೆ. ಎಣಿಕೆ ಬೇಕು, ಆದರೆ ಅದೊಂದೇ ಸಾಲದು. ಊರಿನ ಜನಸಂಖ್ಯೆ ಬದಲಾಗದೆಯೂ ಸಗಣಿಗೆ ಬೆಲೆ ಬಂದರೆ ಸಾಕು, ಕಾಡಿನ ಮೇಲಿನ ಭಾರ ಬದಲಾಗುತ್ತದೆ. ಕಾಡಿನ ಜೀವವೈವಿಧ್ಯ ಉಳಿಯುವುದೋ ಅಳಿಯುವುದೋ ಎಂಬುದು ಸುತ್ತಲಿನ ಜನರ ಸಂಪಾದನೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದರ ಮೇಲೆ ನಿಂತಿದೆ ಎಂಬುದು ನನ್ನ ವಾದ. ಬಗೆಬಗೆಯ ಮರ, ಬಳ್ಳಿ, ಜೇನು, ಕಾಯಿಗಳಿರುವ ಕಾಡೇ ಬೇಕು ಎನ್ನುವ ಜೀವನೋಪಾಯ ಆ ಕಾಡನ್ನು ಕಾಯುತ್ತದೆ. ಕಾಡಿನ ಒಂದೇ ಒಂದು ವಸ್ತು ಸಾಕು, ಉಳಿದದ್ದು ಇದ್ದರೂ ಒಂದೇ ಹೋದರೂ ಒಂದೇ ಎನ್ನುವ ಜೀವನೋಪಾಯ ಅದನ್ನು ಸವೆಸುತ್ತದೆ. ನಮ್ಮ ಕಾನೂನುಗಳು ಈ ಎರಡರ ನಡುವಿನ ವ್ಯತ್ಯಾಸವನ್ನು ನೋಡುವುದೇ ಇಲ್ಲ. ಕೆಲವು ಕಡೆ ಮೊದಲನೆಯದನ್ನು ಶಿಕ್ಷಿಸಿ ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿವೆ.

ಇದಕ್ಕೆ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಸಂಪಾದನೆಯ ದಾರಿ ಹುಡುಕುತ್ತ ಕೂರುವುದೇಕೆ, ಜನರನ್ನೂ ದನಗಳನ್ನೂ ಕಾಡಿನಿಂದ ದೂರ ಮಾಡಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಭದ್ರಾ ಅಭಯಾರಣ್ಯದ ಉದಾಹರಣೆ ಇದೆ. 2001–02ರ ಸುಮಾರಿಗೆ ಅಲ್ಲಿನ 11 ಹಳ್ಳಿಗಳ 419 ಕುಟುಂಬಗಳು ಕಾಡಿನಿಂದ ಹೊರಗೆ ನೆಲೆ ಕಂಡವು. ಅವರಿಗೆ ಜಮೀನು ಸಿಕ್ಕಿತು, ಮಕ್ಕಳಿಗೆ ಶಾಲೆ ಹತ್ತಿರವಾಯಿತು, ಕಾಡಿನೊಳಗಿನ ಮೇವು ಕಾಡುಪ್ರಾಣಿಗಳಿಗೆ ಉಳಿಯಿತು. ದೇಶದಲ್ಲಿ ಸ್ಥಳಾಂತರ ಸರಿಯಾಗಿ ನಡೆದ ಬೆರಳೆಣಿಕೆಯ ಪ್ರಕರಣಗಳಲ್ಲಿ ಇದೂ ಒಂದು, ಇದನ್ನು ಅಲ್ಲಗಳೆಯಬೇಕಿಲ್ಲ. ಮೇಯುವ ದನ ಕಡಿಮೆಯಾದ ಕಡೆ ಕಾಟಿಯಂಥ ಪ್ರಾಣಿಗಳು ಬೇಗನೆ ಚೇತರಿಸಿಕೊಳ್ಳುತ್ತವೆ ಎಂದು ಬಂಡೀಪುರದಲ್ಲಿಯೇ ನಡೆದ ಅಧ್ಯಯನವೂ ಹೇಳುತ್ತದೆ. ಆದರೆ ಭದ್ರಾದ ಕುಟುಂಬಗಳು ಕಾಡಿನ ಒಳಗಿದ್ದವು, ಬಹುಪಾಲು ಜನರಿಗೆ ಹೊರಗೆ ಬರುವ ಮನಸ್ಸಿತ್ತು, ಕೊಡಲು ಭೂಮಿಯೂ ಇತ್ತು. ಹಂಗಳ ಕಾಡಿನ ಒಳಗಿಲ್ಲ, ಅದು ಕಂದಾಯ ಗ್ರಾಮ. ಬಂಡೀಪುರ, ನಾಗರಹೊಳೆ, ಮಲೆಮಹದೇಶ್ವರ ಬೆಟ್ಟಗಳ ಅಂಚಿನಲ್ಲಿ ಇಂಥ ಊರುಗಳ ಸಾಲೇ ಇದೆ. ಅವನ್ನೆಲ್ಲ ಎತ್ತಿ ಎಲ್ಲಿ ಇಡುವುದು? ಒಂದು ಸಾಲನ್ನು ಸರಿಸಿದರೆ ಅದರ ಹಿಂದಿನ ಸಾಲು ಕಾಡಂಚಾಗುತ್ತದೆ. ದನ ಕಡಿಮೆಯಾದರೆ ಕಾಡು ಚೇತರಿಸಿಕೊಳ್ಳುತ್ತದೆ ಎಂಬುದು ನಿಜವಾದರೆ, ದನದ ಸಂಖ್ಯೆಯನ್ನು ನಿರ್ಧರಿಸುವ ಬೆಲೆಯ ಕಡೆಗೇ ನಾವು ನೋಡಬೇಕಾಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಕಥೆ ಹಂಗಳದ ಕಥೆಗೆ ಪೂರ್ತಿ ವಿರುದ್ಧವಾದದ್ದು. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲಿನಲ್ಲಿ ಸೋಲಿಗರು ತಲೆಮಾರುಗಳಿಂದ ಪೋಡುಗಳೆಂಬ ಪುಟ್ಟ ನೆಲೆಗಳಲ್ಲಿ ವಾಸಿಸುತ್ತ, ಕಾಡಿನಲ್ಲಿ ಅಷ್ಟಿಷ್ಟು ರಾಗಿ ಬಿತ್ತಿ, ಉಳಿದ ಸಮಯದಲ್ಲಿ ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ ಸಂಗ್ರಹಿಸಿ ಬದುಕಿದವರು. 1974ರಲ್ಲಿ ಇದು ಅಭಯಾರಣ್ಯವಾಯಿತು. ಜಾಗ ಬದಲಿಸಿ ಮಾಡುವ ಬೇಸಾಯ ನಿಂತಿತು, ಕಾಡಿಗೆ ಬೆಂಕಿ ಇಡುವುದು ಅಪರಾಧವಾಯಿತು. ಉಳಿದದ್ದು ಸಂಗ್ರಹ. ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದ ಈ ಉತ್ಪನ್ನಗಳು ಸೋಲಿಗ ಕುಟುಂಬದ ಆದಾಯದ ಸುಮಾರು ಅರ್ಧದಷ್ಟಿದ್ದವೆಂದು 1990ರ ದಶಕದ ಅಧ್ಯಯನಗಳು ಲೆಕ್ಕ ಹಾಕಿದ್ದವು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. ಅಭಯಾರಣ್ಯದೊಳಗಿನಿಂದ ಮಾರಾಟಕ್ಕಾಗಿ ಏನನ್ನೂ ತರಕೂಡದು ಎಂಬ ನಿಯಮ ಮುಂದಿನ ಕೆಲವು ವರ್ಷಗಳಲ್ಲಿ ಇಲ್ಲಿಯೂ ಜಾರಿಗೆ ಬಂತು. ಕಾಯಿ ಕಿತ್ತರೆ ಬೀಜ ಮೊಳೆಯುವುದಿಲ್ಲ, ಬೀಜ ಮೊಳೆಯದಿದ್ದರೆ ಮರ ಉಳಿಯುವುದಿಲ್ಲ ಎಂಬುದು ನಿಷೇಧದ ಹಿಂದಿನ ತರ್ಕ. ಕೇಳಲು ಸರಿಯಾಗಿಯೇ ಇದೆ.

ಬೆಟ್ಟದಲ್ಲಿ ನಡೆದ ದೀರ್ಘಕಾಲದ ಅಧ್ಯಯನಗಳು ಮಾತ್ರ ಬೇರೆಯದನ್ನೇ ಹೇಳಿದವು. ನೆಲ್ಲಿ ಮರಗಳು ಕ್ಷೀಣಿಸುತ್ತಿದ್ದುದು ನಿಜ, ಆದರೆ ಅದರಲ್ಲಿ ಕಾಯಿ ಕೀಳುವುದರ ಪಾತ್ರ ತೀರಾ ಚಿಕ್ಕದು. ದೊಡ್ಡ ಹೊಡೆತ ಬಿದ್ದದ್ದು ಲಂಟಾನದಿಂದ ಮತ್ತು ಮರದ ಮೇಲೆ ಹಬ್ಬುವ ಬದನಿಕೆಯಿಂದ. ಬೆಟ್ಟದ ಉದ್ದಗಲಕ್ಕೂ ಗುರುತು ಮಾಡಿದ ಜಾಗಗಳಲ್ಲಿ 1997ರಲ್ಲಿ ಶೇ 41ರಷ್ಟು ಕಡೆ ಕಂಡಿದ್ದ ಲಂಟಾನ 2008ರ ಹೊತ್ತಿಗೆ ಶೇ 81ರಷ್ಟು ಕಡೆ ಕಾಣಿಸಿಕೊಂಡಿತ್ತು. ಹನ್ನೊಂದು ವರ್ಷಗಳಲ್ಲಿ ಇಮ್ಮಡಿ. ಅಮೆರಿಕದ ಉಷ್ಣವಲಯದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಗಿಡವಾಗಿ ಬಂದ ಈ ಪೊದೆ ಬೆಳೆದಲ್ಲಿ ಹುಲ್ಲು ಬೆಳೆಯದು, ನೆಲ್ಲಿ, ಹೊನ್ನೆಯಂಥ ಮರಗಳ ಸಸಿಗೆ ಬೆಳಕು ಸಿಗದು. ಸೋಲಿಗರ ಹಿರಿಯರು ಇದಕ್ಕೆ ಕೊಡುವ ವಿವರಣೆಯನ್ನು ವಿಜ್ಞಾನಿಗಳು ಈಗ ಕಿವಿಗೊಟ್ಟು ಕೇಳುತ್ತಿದ್ದಾರೆ. ಹಿಂದೆ ಬೇಸಿಗೆ ಬಲಿಯುವ ಮೊದಲೇ, ಎಲೆ ಉದುರಿ ನೆಲದಲ್ಲಿ ಇನ್ನೂ ಸ್ವಲ್ಪ ತಂಪಿರುವಾಗ, ಅವರು ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲೆತ್ತರವೂ ಏರದ ಆ ಬೆಂಕಿ ತರಗೆಲೆಯನ್ನಷ್ಟೇ ಸುಟ್ಟು ಮುಂದೆ ಸಾಗುತ್ತಿತ್ತು. ಲಂಟಾನದ ಎಳೆ ಗಿಡ ಸಾಯುತ್ತಿತ್ತು, ಬದನಿಕೆ ಹತೋಟಿಯಲ್ಲಿರುತ್ತಿತ್ತು, ಹುಲ್ಲು ಚಿಗುರುತ್ತಿತ್ತು. ಕಾಯಿಗೆ ಹೋದವರು ಬದನಿಕೆ ಹಿಡಿದ ಕೊಂಬೆಯನ್ನು ಕಡಿದು ಹಾಕುತ್ತಿದ್ದುದೂ ಉಂಟು. ಬೆಂಕಿ ನಿಂತಿತು, ಬಳಿಕ ಸಂಗ್ರಹವೂ ನಿಂತಿತು. ನೆಲ್ಲಿ ಮರವನ್ನು ವರ್ಷಕ್ಕೊಮ್ಮೆ ಹತ್ತಿರದಿಂದ ನೋಡುವ ಕಣ್ಣುಗಳೂ ಕಡಿಮೆಯಾದವು. ನೆಲ್ಲಿ, ಜೇನು, ಸೀಗೆ ಎಲ್ಲವೂ ಬೇಕಾಗಿದ್ದ ಜೀವನೋಪಾಯ ಹೋಗಿ ಕೂಲಿ ಬಂತು. ಕೂಲಿಗೆ ಹೋಗುವವನಿಗೆ ಲಂಟಾನ ಹಬ್ಬಿದರೇನು, ಬಿಟ್ಟರೇನು?

ಇಲ್ಲಿ ಎರಡು ಮಾತನ್ನು ಎದುರಿಸಲೇಬೇಕು. ಬೆಂಕಿಯನ್ನು ಹೊಗಳುವುದು ಅಪಾಯವಲ್ಲವೇ ಎಂಬುದು ಒಂದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು, ಅದನ್ನು ಯಾರೂ ಮರೆಯುವಂತಿಲ್ಲ. ಆದರೆ ಅಂಥ ಬೆಂಕಿಗೂ ತರಗು ಬೆಂಕಿಗೂ ಇರುವ ಅಂತರವೇ ಇಲ್ಲಿನ ವಿಷಯ. ಆಳೆತ್ತರದ ಒಣ ಲಂಟಾನಕ್ಕೆ ಕಡುಬೇಸಿಗೆಯಲ್ಲಿ ತಗುಲಿದ ಬೆಂಕಿ ಮರದ ತುದಿಯವರೆಗೆ ಏರುತ್ತದೆ. ಆದ್ದರಿಂದ ಇಂದು ಏಕಾಏಕಿ ಹಳೆಯ ಪದ್ಧತಿಗೆ ಮರಳುವಂತೆಯೂ ಇಲ್ಲ. ಮೊದಲು ಲಂಟಾನವನ್ನು ಬುಡಸಹಿತ ತೆಗೆದು, ಹುಲ್ಲು ಮರಳಿದ ಕಡೆ ಮಾತ್ರ, ಸಣ್ಣ ಸಣ್ಣ ತುಂಡುಗಳಲ್ಲಿ, ತಿಳಿದವರ ಕೈಯಿಂದ ಬೆಂಕಿ ಹಾಕಿಸಿ ನೋಡಬೇಕಾಗುತ್ತದೆ. ಲಂಟಾನ ಹಬ್ಬಿದ್ದಕ್ಕೆ ಬೆಂಕಿ ನಿಂತದ್ದೊಂದೇ ಕಾರಣ ಎಂದೂ ನಾನು ಹೇಳುತ್ತಿಲ್ಲ. ಹಕ್ಕಿಗಳು ಅದರ ಬೀಜ ಒಯ್ಯುತ್ತವೆ, ತೆರಪಾದ ಕಾಡಿನಲ್ಲಿ ಅದಕ್ಕೆ ಬಿಸಿಲು ಯಥೇಚ್ಛ. ಎರಡನೆಯ ಮಾತು ಜನಸಂಖ್ಯೆಯದು. ಹಿಂದೆ ಸೋಲಿಗರು ಕೆಲವೇ ಜನ ಇದ್ದರು, ಈಗ ಹೆಚ್ಚಾಗಿದ್ದಾರೆ, ಮಾರುಕಟ್ಟೆಯೂ ದೊಡ್ಡದು, ಮಿತಿ ಉಳಿಯುತ್ತದೆಯೇ ಎಂದು ಕೇಳುತ್ತಾರೆ. ಈ ಭಯ ನ್ಯಾಯವಾದದ್ದು. ಆದರೆ ಮಿತಿಯನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯೂ ಅದರೊಳಗೇ ಇದೆ. ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್ 2ರಂದು ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಮೊದಲು. ಇಷ್ಟು ಕಾಯಿ ಬಿಟ್ಟು ಇಷ್ಟನ್ನೇ ಕೀಳಬೇಕು ಎಂಬ ನಿಯಮವನ್ನು ಮುಂದಿನ ವರ್ಷವೂ ಅದೇ ಮರದ ಕಾಯಿ ಬೇಕಾದವನು ಪಾಲಿಸುವ ಸಾಧ್ಯತೆ ಹೆಚ್ಚು. ಇಂದಲ್ಲ ನಾಳೆ ಹೊರಹಾಕುತ್ತಾರೆಂದು ಹೆದರಿದವನು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರೆ ಅದು ಅವನ ಸ್ವಭಾವದ ದೋಷವಲ್ಲ.

ಬೆಟ್ಟದಿಂದ ಪಶ್ಚಿಮಕ್ಕೆ, ಕೊಡಗಿಗೆ ಬಂದರೆ ಪ್ರಶ್ನೆ ಇನ್ನಷ್ಟು ಜಟಿಲ. ಇಲ್ಲಿ ಜೀವವೈವಿಧ್ಯದ ದೊಡ್ಡ ಪಾಲು ಇಲಾಖೆಯ ಕಾಡಿನ ಹೊರಗೆ, ಖಾಸಗಿ ತೋಟಗಳಲ್ಲಿದೆ. ಜಿಲ್ಲೆಯ ಸುಮಾರು ಮೂರನೆಯ ಒಂದು ಭಾಗ ಕಾಫಿ. ಬ್ರೆಜಿಲ್‌ನ ಬಯಲು ತೋಟಗಳಂತೆ ಇಲ್ಲಿ ಕಾಫಿ ಬಿಸಿಲಿನಲ್ಲಿ ಬೆಳೆಯುವುದಿಲ್ಲ. ನಂದಿ, ಹೊನ್ನೆ, ಬೀಟೆ, ಅತ್ತಿ, ಹಲಸಿನ ನೆರಳಿನಡಿ ಬೆಳೆಯುತ್ತದೆ. ಮರಗಳ ಮೇಲೆ ಮಂಗಟ್ಟೆ, ಕಾಂಡಕ್ಕೆ ಕಾಳುಮೆಣಸು, ಬುಡದಲ್ಲಿ ದಪ್ಪನೆಯ ತರಗು. ಬ್ರಹ್ಮಗಿರಿ, ನಾಗರಹೊಳೆ, ಪುಷ್ಪಗಿರಿಗಳ ನಡುವೆ ಹಕ್ಕಿ, ಚಿಟ್ಟೆ, ಆನೆ ಓಡಾಡಲು ಆಗುತ್ತಿರುವುದು ಈ ಹಸಿರು ನಡುವೆ ಇರುವುದರಿಂದ. ಇದು ಕೂಡ ವೈವಿಧ್ಯವನ್ನು ಬೇಡುವ ಜೀವನೋಪಾಯವೇ, ಅಥವಾ ಇತ್ತೀಚಿನವರೆಗೆ ಹಾಗಿತ್ತು. ಅರೇಬಿಕಾದ ಬದಲು ಹೆಚ್ಚು ಬಿಸಿಲು ಸಹಿಸುವ ರೊಬಸ್ಟಾ ಹರಡಿದಂತೆ, ಹೂಮಳೆಗೆ ಕಾಯುವ ಬದಲು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿದಂತೆ ನೆರಳಿನ ಅಗತ್ಯ ಕಡಿಮೆಯಾಯಿತು, ಮರಕಸಿ ಹೆಚ್ಚಾಯಿತು. ಜತೆಗೆ ಸಿಲ್ವರ್ ಓಕ್ ಬಂತು. ಆಸ್ಟ್ರೇಲಿಯಾ ಮೂಲದ ಈ ಮರ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಹೇಳಿ ಮಾಡಿಸಿದ ಆಸರೆ, ಬೇಗ ನಾಟಾ ಆಗುತ್ತದೆ. ಊರಿನ ಹಕ್ಕಿಗೆ, ಅಳಿಲಿಗೆ ತಿನ್ನಲು ಹಣ್ಣು ಮಾತ್ರ ಕೊಡುವುದಿಲ್ಲ.

ಸಿಲ್ವರ್ ಓಕ್ ಗೆದ್ದದ್ದು ಈ ಗುಣಗಳಿಂದಷ್ಟೇ ಅಲ್ಲ, ಕಾನೂನಿನ ಸಹಾಯದಿಂದಲೂ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಆ ಪಟ್ಟಿಯಲ್ಲಿ ಸಿಲ್ವರ್ ಓಕ್ ಸೇರಿದೆ. ನಂದಿ, ಹೊನ್ನೆ, ಬೀಟೆ ಇಲ್ಲ. ಗದ್ದೆಯ ಜತೆಗೆ ಹಿಂದೆ ಕೊಟ್ಟ ಮರದ ನೆಲವಾದ ಕೊಡಗಿನ ಬಾಣೆ ಜಮೀನುಗಳಲ್ಲಿ ಇದಕ್ಕಿಂತ ಹಳೆಯ ತೊಡಕೊಂದಿದೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ನೆಲದಲ್ಲಿ ಕಾಫಿ ರೈತನದು, ತಲೆಯ ಮೇಲಿನ ಮರ ಸರ್ಕಾರದ್ದು. ಕಾಡುಮರ ಉಳಿಯಲಿ ಎಂದೇ ಮಾಡಿದ ನಿಯಮಗಳಿವು. ತೋಟದಲ್ಲಿ ಇವು ಮಾಡುವ ಕೆಲಸವೇ ಬೇರೆ. ತಾನಾಗಿ ಹುಟ್ಟಿದ ಹೊನ್ನೆಯ ಸಸಿ ದೊಡ್ಡದಾದರೆ ಕಡಿಯಲಾರೆ, ಮಾರಲಾರೆ, ಬಿದ್ದರೂ ಕಡತ ಹಿಡಿದು ಅಲೆಯಬೇಕು ಎಂದು ಬಲ್ಲ ತೋಟಗಾರ ಕಳೆ ಕೀಳುವಾಗಲೇ ಅದನ್ನೂ ಕಿತ್ತುಹಾಕಿಸುತ್ತಾನೆ. ಆ ಜಾಗಕ್ಕೆ ಸಿಲ್ವರ್ ನೆಡುತ್ತಾನೆ. ಇಂದು ತೋಟದಲ್ಲಿ ಗಂಭೀರವಾಗಿ ನಿಂತಿರುವ ಹಳೆಯ ಮರಗಳು ಕಾನೂನಿನ ರಕ್ಷಣೆಯಲ್ಲಿವೆ. ಅವುಗಳ ನಂತರ ಬರಬೇಕಾದ ತಲೆಮಾರು ಅದೇ ಕಾನೂನಿನ ಭಯದಿಂದ ಮೊಳಕೆಯಲ್ಲೇ ಹೋಗುತ್ತಿದೆ. ಮರ ಒಂದು ಸಲಕ್ಕೆ ಕಡಿದರಷ್ಟೇ ನಾಶವಾಗುತ್ತದೆ ಎಂದು ತಿಳಿದ ಕಾನೂನಿಗೆ ಈ ನಿಧಾನದ ನಾಶ ಕಾಣುವುದೇ ಇಲ್ಲ.

ತೋಟ ಕಾಡಲ್ಲ ಎಂದು ಸಂರಕ್ಷಣಾ ವಿಜ್ಞಾನಿಗಳು ಎಚ್ಚರಿಸುತ್ತಾರೆ. ಸರಿಯಾದ ಮಾತು. ಶೋನಿಲ್ ಭಾಗವತ್ ಮತ್ತು ಸಂಗಡಿಗರು ಕೊಡಗಿನ ರಕ್ಷಿತಾರಣ್ಯ, ದೇವರಕಾಡು, ಕಾಫಿ ತೋಟಗಳ ಮರ, ಹಕ್ಕಿ, ಅಣಬೆಗಳನ್ನು ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮರಗಳು ರಕ್ಷಿತಾರಣ್ಯದಲ್ಲಿ ಹೆಚ್ಚಿದ್ದವು. ಆದರೆ ಅಳಿವಿನ ಅಂಚಿನ ಮರಗಳು ಹೆಚ್ಚು ಸಿಕ್ಕಿದ್ದು ದೇವರಕಾಡುಗಳಲ್ಲಿ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬ ಲೆಕ್ಕವಿದೆ. 1905ರಲ್ಲಿ ಅವೆಲ್ಲ ಸೇರಿ 6,277 ಹೆಕ್ಟೇರ್ ಇದ್ದದ್ದು 1985ರ ಹೊತ್ತಿಗೆ ಸುಮಾರು 2,500 ಹೆಕ್ಟೇರ್‌ಗೆ ಇಳಿದಿತ್ತು. ಹಲವು ದೇವರಕಾಡುಗಳು ಕೆಲವೇ ಎಕರೆಯವು. ಅಷ್ಟು ಚಿಕ್ಕ ಕಾಡು ಒಂಟಿಯಾಗಿ ಬದುಕಲಾರದು. ಅದರ ಬೀಜ ಒಯ್ಯುವ ಮಂಗಟ್ಟೆಗೆ, ಪರಾಗ ಒಯ್ಯುವ ತುಡುವೆ ಜೇನಿಗೆ ಸುತ್ತಲಿನ ತೋಟದಲ್ಲಿ ಮರ ಬೇಕು. ತೋಟ ಕಾಡಿಗೆ ಬದಲಿ ಎಂದು ಯಾರಾದರೂ ಹೇಳಿದರೆ ನಾನೂ ಒಪ್ಪುವುದಿಲ್ಲ. ತೋಟದ ನೆರಳು ಹೋದರೆ ದೇವರಕಾಡೂ ರಕ್ಷಿತಾರಣ್ಯವೂ ಒಂದರಿಂದೊಂದು ಕಡಿದುಹೋದ ತುಣುಕುಗಳಾಗುತ್ತವೆ ಎಂಬುದಷ್ಟೇ ಇಲ್ಲಿನ ಮಾತು. ಹಾಗೆಂದು ಹಕ್ಕು ಕೊಟ್ಟ ಮರುದಿನವೇ ಬೀಟೆ, ಹೊನ್ನೆಗಳೆಲ್ಲ ಲಾರಿ ಏರಿಬಿಟ್ಟರೆ? ಕಾಫಿ ಬೆಲೆ ಕುಸಿದ ವರ್ಷ ಸಾಲಗಾರ ತೋಟಗಾರನ ಕಣ್ಣು ಮರದ ಮೇಲೆ ಬೀಳುವುದು ಸಹಜ. ಅದಕ್ಕಾಗಿಯೇ ಈಗಿರುವ ಹಳೆಯ ಮರಗಳ ಮೇಲಿನ ರಕ್ಷಣೆ ಹಾಗೆಯೇ ಇರಲಿ. ಇನ್ನು ಮುಂದೆ ನೆಟ್ಟು ನೋಂದಾಯಿಸಿದ ನಾಡಮರಗಳನ್ನು ಮಾತ್ರ ಸಿಲ್ವರ್‌ನಷ್ಟೇ ಸುಲಭವಾಗಿ ಕಡಿದು ಮಾರಲು ಬಿಡಬೇಕು, ಎಕರೆಗೆ ಇಂತಿಷ್ಟು ಮರ ನಿಂತಿರಲೇಬೇಕು ಎಂಬ ಕಟ್ಟಳೆಯೊಂದಿಗೆ.

ಹೀಗೆ ನೋಡಿದರೆ ಪರಿಹಾರಗಳು ಊರೂರಿಗೆ ಬೇರೆ. ಕಾಡಂಚಿನ ಮನೆಗಳಿಗೆ ಅಡುಗೆ ಅನಿಲ ಕೊಡಿಸಲು ಬಂಡೀಪುರದ ಸುತ್ತ ‘ನಮ್ಮ ಸಂಘ’ ಮಾಡಿದ ಕೆಲಸ ಸೌದೆಯ ಹೊರೆ ತಗ್ಗಿಸುವ ದಾರಿ, ಅದು ದನದ ಸಮಸ್ಯೆಯನ್ನು ಮುಟ್ಟುವುದಿಲ್ಲ. ದನಕ್ಕೆ ಬೇಕಾದದ್ದು ಊರಲ್ಲೇ ಮೇವು, ಕಡಿಮೆ ದನದಿಂದ ಹೆಚ್ಚು ಆದಾಯ, ಗೊಬ್ಬರ ಊರಿನ ಹೊಲದಲ್ಲೇ ಬಳಕೆಯಾದರೆ ಸಿಗುವ ಲಾಭ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡಿ ಮಾರುತ್ತಿದ್ದಾರೆ. ಕಾಡಿಗೆ ಬೇಡದ್ದನ್ನು ತೆಗೆದು ಸಂಪಾದಿಸುವ ಇಂಥ ಕಸುಬು ಅಪರೂಪ, ಆದರೆ ಲಂಟಾನದ ಹರವಿಗೆ ಹೋಲಿಸಿದರೆ ಅದರ ಪ್ರಮಾಣ ತೀರಾ ಸಣ್ಣದು. ಲಂಟಾನ ಕೀಳುವ ಕೆಲಸಕ್ಕೇ ಸರ್ಕಾರ ಕೂಲಿ ಕೊಟ್ಟು, ತೆರವಾದ ನೆಲವನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಹೊಣೆಯನ್ನು ಗ್ರಾಮಸಭೆಗೆ ವಹಿಸದೆ ಆ ಕಸುಬು ಬೆಳೆಯುವುದಿಲ್ಲ.

ಖರ್ಚಿನ ಬಾಬ್ತು ಇನ್ನೊಂದಿದೆ, ಅದನ್ನು ಬಿಟ್ಟು ಆದಾಯದ ಮಾತನ್ನಷ್ಟೇ ಆಡುವುದು ಅನ್ಯಾಯ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲಿಯೇ ಹೆಚ್ಚು. ಈ ಹೆಮ್ಮೆ ಇಡೀ ರಾಜ್ಯದ್ದು, ಬೆಲೆ ತೆರುವವರು ಕೆಲವು ತಾಲ್ಲೂಕುಗಳ ರೈತರು ಮತ್ತು ತೋಟದ ಕಾರ್ಮಿಕರು. ಜೀವವೇ ಹೋದ ಮನೆಗಳಿವೆ. ಪರಿಹಾರದ ಅರ್ಜಿ ಬರೆಯುವುದೇ ಬಡವನಿಗೆ ಕಷ್ಟವೆಂದು ಕಂಡು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತ ‘ವೈಲ್ಡ್ ಸೇವೆ’ ಆರಂಭಿಸಿತು. ಕರೆ ಮಾಡಿದರೆ ಕಾರ್ಯಕರ್ತರು ಹೊಲಕ್ಕೇ ಬಂದು ನಷ್ಟ ದಾಖಲಿಸಿ ಅರ್ಜಿ ಹಾಕಿಸುತ್ತಾರೆ. ಇದು ಇಲಾಖೆಯೇ ಮಾಡಬೇಕಾದ ಕೆಲಸ. ಪರಿಹಾರ ತಡವಾದರೆ ಅದರ ಪರಿಣಾಮ ಮರದ ಮೇಲೂ ಆಗುತ್ತದೆ. ಕೊಡಗಿನ ತೋಟಕ್ಕೆ ಆನೆಯನ್ನು ಸೆಳೆಯುವುದರಲ್ಲಿ ಹಲಸಿನ ಹಣ್ಣೂ ಒಂದು. ನಷ್ಟ ಕಂಡ ತೋಟಗಾರ ಕಾಯಿಯನ್ನು ಎಳೆಯದರಲ್ಲೇ ಕೀಳಿಸುತ್ತಾನೆ, ಅದೂ ಸಾಲದಾದರೆ ಹಲಸನ್ನೇ ತೆಗೆಸುವ ಯೋಚನೆಗೆ ಬರುತ್ತಾನೆ. ಅವನು ಆ ಯೋಚನೆಗೆ ಬರುವ ಮೊದಲು, ಮುಂದಿನ ಕೊಯ್ಲಿನ ಒಳಗೆ, ಆನೆ ತುಳಿದ ಕಾಫಿ ಗಿಡದ ನಿಜವಾದ ಬೆಲೆ ಅವನ ಕೈ ಸೇರಬೇಕು. ಐದಾರು ವರ್ಷ ಸಾಕಿದ ಗಿಡಕ್ಕೆ ಒಂದು ವರ್ಷದ ಫಸಲಿನ ದರ ಕಟ್ಟಿದರೆ ಅದು ಪರಿಹಾರವಾಗುವುದಿಲ್ಲ.